ಎರೆಯ ರೊಟ್ಟಿ, ಕಾಲುವೆಯ ಅನ್ನ

ಬಳ್ಳಾರಿ ನಗರ, ಕುರುಗೋಡು, ಸಿರುಗುಪ್ಪಗಳಲ್ಲಿ ಹೊರಗೆ ಉಣ್ಣುವ ಜಾಗಗಳು ಬೋರ್ಡಿಗಿಂತ ಹೊತ್ತಿನಿಂದ ಗುರುತಾಗುತ್ತವೆ. ಬೆಳಿಗ್ಗೆ ಆರರಿಂದ ಹತ್ತರವರೆಗೆ ಒಗ್ಗರಣೆ–ಮಿರ್ಚಿಯ ಬಂಡಿ, ಮಧ್ಯಾಹ್ನಕ್ಕೆ ಖಾನಾವಳಿ ಇಲ್ಲವೆ ಮೆಸ್ಸು, ಬಿಸಿಲಿಳಿದ ಮೇಲೆ ಮತ್ತೆ ಮಿರ್ಚಿಯ ಬಾಣಲೆ, ರಾತ್ರಿಗೆ ಬಿರಿಯಾನಿ ಅಂಗಡಿ ಅಥವಾ ಹೆದ್ದಾರಿ ಬದಿಯ ಧಾಬಾ. ಹೊತ್ತಿಗೆ ಸರಿಯಾಗಿ ಹೋದವರಿಗೆ ತಗಡಿನ ಶೆಡ್ಡಿನಲ್ಲೂ ಒಳ್ಳೆಯ ಊಟ ಸಿಗುತ್ತದೆ, ಹೊತ್ತು ತಪ್ಪಿದವರಿಗೆ ದೊಡ್ಡ ಹೋಟೆಲ್ಲಿನಲ್ಲೂ ತಳದ ಅನ್ನವೇ ಗತಿ. ಈ ಹೊತ್ತುಗಳನ್ನು ಗೊತ್ತುಮಾಡುವುದು ಹೊಲದ ಕೆಲಸ, ಮಂಡಿಯ ವ್ಯಾಪಾರ, ಕಾಲುವೆಯ ನೀರು ಮತ್ತು ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು.

ಈ ಸೀಮೆ ಪಡುಗಡಲಿಗೂ ಮೂಡುಗಡಲಿಗೂ ಹೆಚ್ಚು ಕಡಿಮೆ ಒಂದೇ ದೂರ, ಸುಮಾರು 300 ಕಿಲೋಮೀಟರು. ಮಳೆ ಕಡಿಮೆ, ಕಲ್ಲುಗುಡ್ಡ ಹೆಚ್ಚು. ಮಳೆಯನ್ನೇ ನಂಬಿದ ಎರೆಭೂಮಿಯಲ್ಲಿ ಜೋಳ, ಹತ್ತಿ, ಕಡಲೆ, ಮೆಣಸಿನಕಾಯಿ ಬೆಳೆಯುತ್ತವೆ. ತುಂಗಭದ್ರೆಯ ನೀರು ಹರಿದಲ್ಲೆಲ್ಲ ಭತ್ತ. ಬಳ್ಳಾರಿಯಿಂದ ಹೊರಟು ಹಳ್ಳಿಗಳನ್ನು ದಾಟುತ್ತಾ ಹೋದರೆ ರೊಟ್ಟಿಯ ಊಟ ಎಲ್ಲಿ ಮುಗಿದು ಅನ್ನದ ಊಟ ಎಲ್ಲಿ ಶುರುವಾಗುತ್ತದೆ ಎಂಬುದನ್ನು ರಸ್ತೆ ಬದಿಯ ಹೊಲ ನೋಡಿಯೇ ಹೇಳಬಹುದು.

ಇಲ್ಲಿನ ಊಟದ ಇತಿಹಾಸ ಬಹಳ ಹಿಂದಕ್ಕೆ ಹೋಗುತ್ತದೆ. ಬಳ್ಳಾರಿ ನಗರಕ್ಕೆ ಹತ್ತಿಕೊಂಡಂತಿರುವ ಸಂಗನಕಲ್ಲು–ಕುಪ್ಪಗಲ್ಲು ಗುಡ್ಡಗಳಲ್ಲಿ, ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯ ಗುಡ್ಡಗಳಲ್ಲಿ ನವಶಿಲಾಯುಗದ ಜನ ನೆಲೆಸಿದ್ದರು. ತೆಕ್ಕಲಕೋಟೆಯಲ್ಲಿ ಎಂ.ಎಸ್. ನಾಗರಾಜರಾವ್ 1960ರ ದಶಕದಲ್ಲಿ ಉತ್ಖನನ ನಡೆಸಿದರು. ಮುಂದೆ ಇಂಥ ನೆಲೆಗಳ ಮಣ್ಣನ್ನು ನೀರಿನಲ್ಲಿ ಕದಡಿ, ತೇಲಿಬಂದ ಸುಟ್ಟ ಕಾಳುಗಳನ್ನು ಹೆಕ್ಕಿ ಪರೀಕ್ಷಿಸಿದಾಗ ಸಿಕ್ಕಿದ್ದು ಮುಖ್ಯವಾಗಿ ಹುರುಳಿ, ಹೆಸರು ಮತ್ತು ಕೊರಲೆಯಂಥ ಕಿರುಧಾನ್ಯ. ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದಿನ ಮಾತಿದು. ಜೋಳ ಆಫ್ರಿಕಾದಿಂದ ಬಂದದ್ದು ಆಮೇಲೆ. ಮೆಣಸಿನಕಾಯಿ, ಶೇಂಗಾ, ಟೊಮ್ಯಾಟೊ ಬಂದದ್ದು ಪೋರ್ಚುಗೀಸರ ಹಡಗುಗಳು ಬಂದ ನಂತರ. ಹಾಗಾಗಿ ಇಂದಿನ ಖಾನಾವಳಿಯ ತಟ್ಟೆಯಲ್ಲಿ ಊರಿನ ಅತಿ ಹಳೆಯ ಪದಾರ್ಥ ಯಾವುದೆಂದರೆ ಯಾರೂ ಹೆಚ್ಚು ಗಮನಿಸದ ಹೆಸರುಕಾಳಿನ ಪಲ್ಯ. ನಗರದಲ್ಲಿರುವ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಪುರಾತತ್ತ್ವ ವಸ್ತುಸಂಗ್ರಹಾಲಯದಲ್ಲಿ ಆ ಕಾಲದ ಕಲ್ಲಿನ ಕೊಡಲಿ, ಅರೆಯುವ ಕಲ್ಲುಗಳನ್ನು ನೋಡಿ ಊಟಕ್ಕೆ ಹೋಗುವವರಿಗೆ ಆ ಪಲ್ಯದ ರುಚಿ ಬೇರೆಯಾಗಿಯೇ ಹತ್ತುತ್ತದೆ.

ಬಳ್ಳಾರಿಯ ಬೆಳಗಿನ ತಿಂಡಿ ಎಂದರೆ ಒಗ್ಗರಣೆ–ಮಿರ್ಚಿ. ಇಡ್ಲಿ, ದೋಸೆ, ಪೂರಿ ಎಲ್ಲವೂ ಇವೆ. ಆದರೆ ಊರಿನ ಮೊದಲ ತಟ್ಟೆ ಇದು. ಮಂಡಕ್ಕಿಯನ್ನು ನೀರಿಗೆ ಹಾಕಿ, ಕ್ಷಣಮಾತ್ರ ನೆನೆಯಲು ಬಿಟ್ಟು, ಹಿಂಡಿ ತೆಗೆಯುತ್ತಾರೆ. ಅಗಲ ಬಾಣಲೆಯಲ್ಲಿ ಎಣ್ಣೆ ಕಾಯಿಸಿ ಸಾಸಿವೆ, ಜೀರಿಗೆ, ಕರಿಬೇವು, ಜಜ್ಜಿದ ಹಸಿಮೆಣಸಿನಕಾಯಿ, ಉದ್ದಕ್ಕೆ ಹೆಚ್ಚಿದ ಉಳ್ಳಾಗಡ್ಡಿ, ಕೆಲವರು ಟೊಮ್ಯಾಟೊ, ಚಿಟಿಕೆ ಅರಿಶಿನ ಹಾಕಿ ಬಾಡಿಸಿದ ಮೇಲೆ ಹಿಂಡಿದ ಮಂಡಕ್ಕಿ ಬೀಳುತ್ತದೆ. ಕೊನೆಗೆ ಪುಟಾಣಿ ಪುಡಿ ಉದುರಿಸಿ, ಲಿಂಬೆಹುಳಿ ಹಿಂಡಿ, ಕೊತ್ತಂಬರಿ ಹರಡಿ ಕೈಯಾಡಿಸುತ್ತಾರೆ. ನೋಡಲು ಸುಲಭ, ಕಷ್ಟವಿರುವುದು ಹಿಂಡುವುದರಲ್ಲಿ. ನೀರು ಉಳಿದರೆ ಮುದ್ದೆಯಾಗುತ್ತದೆ, ಹೆಚ್ಚು ಹಿಂಡಿದರೆ ಗಂಟಲಿಗೆ ಇಳಿಯುವುದಿಲ್ಲ. ಹಿಂಡಿದ ಮಂಡಕ್ಕಿಯ ಹಸಿ ಪುಟಾಣಿ ಪುಡಿ ಸೇರಿದಾಗ ಹೋಗಿ ಕಾಳು ಕಾಳು ಬಿಡಿಯಾಗಬೇಕು. ಬಂಡಿಯ ಬಳಿ ನಿಂತವರು ತಟ್ಟೆ ನೋಡುವ ಮೊದಲು ಬಾಣಲೆಯನ್ನು ನೋಡುವುದು ಇದಕ್ಕೇ.

ಮಿರ್ಚಿಗೆ ಬಳಸುವುದು ತಿಳಿಹಸಿರು ಬಣ್ಣದ, ಬೆರಳಿಗಿಂತ ಉದ್ದನೆಯ ಮೆಣಸಿನಕಾಯಿ. ಅದನ್ನು ಒಂದು ಬದಿ ಸೀಳಿ, ಉಪ್ಪು, ಹುಣಿಸೆ, ಜೀರಿಗೆ ಅಥವಾ ಓಂಕಾಳು ಅರೆದ ಮಸಾಲೆ ಸವರಿ, ಕಡಲೆಹಿಟ್ಟಿನಲ್ಲಿ ಅದ್ದಿ ಕರಿಯುತ್ತಾರೆ. ಹುಣಿಸೆ ಖಾರವನ್ನು ತಗ್ಗಿಸುತ್ತದೆ, ಓಂಕಾಳು ಕಡಲೆಹಿಟ್ಟನ್ನು ಅರಗಿಸುತ್ತದೆ. “ಅಣ್ಣಾ, ಒಂದು ಒಗ್ಗರಣಿ, ಎರಡು ಮಿರ್ಚಿ” ಎನ್ನುವುದು ರೂಢಿಯ ಲೆಕ್ಕ. ಮಿರ್ಚಿಯನ್ನು ಮುರಿದು ಒಗ್ಗರಣೆಯೊಳಗೇ ಕಲಸಿಕೊಂಡು ತಿನ್ನುವವರು ಕೆಲವರು, ಒಂದು ತುತ್ತು ಒಗ್ಗರಣೆಗೆ ಒಂದು ಕಡಿತ ಮಿರ್ಚಿ ಎನ್ನುವವರು ಉಳಿದವರು.

ಇದೇ ತಿಂಡಿ ಆದೋನಿ, ಗುಂತಕಲ್ಲು, ಅನಂತಪುರ, ಕರ್ನೂಲುಗಳಲ್ಲಿ ಉಗ್ಗಾಣಿ–ಬಜ್ಜಿ ಎಂಬ ಹೆಸರಿನಲ್ಲಿ ಬೆಳಗಾಗಿಸುತ್ತದೆ. ಗಡಿ ದಾಟಿ ಹೋದ ತಿಂಡಿ ಎಂದು ಇದನ್ನು ಹೇಳುವಂತಿಲ್ಲ. ತಿಂಡಿ ಇದ್ದಲ್ಲೇ ಇತ್ತು, ಗಡಿ ಬಂತು. 1800ರಲ್ಲಿ ಹೈದರಾಬಾದಿನ ನಿಜಾಮ ಬ್ರಿಟಿಷರಿಗೆ ಬಿಟ್ಟುಕೊಟ್ಟ ಸೀಮೆಯಲ್ಲಿ ಬಳ್ಳಾರಿಯೂ ಸೇರಿತ್ತು, ಮದ್ರಾಸ್ ಪ್ರಾಂತ್ಯದ ಭಾಗವಾಗಿ ಉಳಿದಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದ ದಿನ ಬಳ್ಳಾರಿ ಮೈಸೂರು ರಾಜ್ಯಕ್ಕೆ ಬಂತು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಕನ್ನಡ, ತೆಲುಗು, ಉರ್ದು ಮೂರನ್ನೂ ಒಂದೇ ಉಸಿರಿನಲ್ಲಿ ಆಡುವ ಊರಿನಲ್ಲಿ ತಿಂಡಿಬಂಡಿಯ ಗಿರಾಕಿ ಯಾವ ಭಾಷೆಯಲ್ಲಿ ಕೇಳಿದರೂ ಅದೇ ಭಾಷೆಯಲ್ಲಿ ಉತ್ತರ ಬರುತ್ತದೆ.

ಮಂಡಕ್ಕಿ ಈ ಬಿಸಿಲಸೀಮೆಗೆ ಹೊಂದುವುದಕ್ಕೆ ಕಾರಣವಿದೆ. ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ, ಹೊಟ್ಟು ತೆಗೆದ ಅಕ್ಕಿಗೆ ಉಪ್ಪುನೀರು ಹಿಡಿಸಿ, ಭಟ್ಟಿಯಲ್ಲಿ ಕಾದ ಮರಳಿನೊಳಗೆ ಹುರಿದರೆ ಅದು ಅರಳಿ ಮಂಡಕ್ಕಿಯಾಗುತ್ತದೆ. ಒಮ್ಮೆ ಭಟ್ಟಿಯಿಂದ ಇಳಿದ ಮೇಲೆ ತೇವ ತಾಗದಂತೆ ಇಟ್ಟರೆ ಬಹಳ ದಿನ ಕೆಡುವುದಿಲ್ಲ. ಇಡ್ಲಿಹಿಟ್ಟಿನಂತೆ ಬೇಸಿಗೆಯಲ್ಲಿ ಹುಳಿಯೊಡೆದು ಉಕ್ಕುವ ಭಯವಿಲ್ಲ. ರಾತ್ರಿ ರುಬ್ಬಬೇಕಿಲ್ಲ, ಒಲೆಯ ಮುಂದೆ ಹೆಚ್ಚು ಹೊತ್ತು ಬೇಯಬೇಕಿಲ್ಲ. ಒಂದು ಚೀಲ ಮಂಡಕ್ಕಿ, ಒಂದು ಬಾಣಲೆ, ಒಂದು ಒಲೆ ಇದ್ದರೆ ಬಂಡಿ ನಡೆಯುತ್ತದೆ. ಕಡಿಮೆ ಬಂಡವಾಳದಲ್ಲಿ ಒಂದು ಕುಟುಂಬ ನಿಲ್ಲಬಹುದಾದ ಕಸುಬು ಇದು, ಊರಿನ ಹೆಮ್ಮೆಯ ತಿಂಡಿಯೂ ಹೌದು. ನಗರಕ್ಕೆ ಬಂದವರು ವಸತಿಗೃಹದ ಒಳಗೇ ಉಪಾಹಾರ ಮುಗಿಸಿ ಹೋಗುವುದು ನಿಜಕ್ಕೂ ನಷ್ಟ.

ಬಳ್ಳಾರಿ ನಗರದಲ್ಲಿ ಊಟದ ಜಾಗಗಳು ಊರಿನ ಹಳೆಯ ರಚನೆಯನ್ನೇ ಅನುಸರಿಸಿವೆ. ಕೋಟೆಗುಡ್ಡದ ಕೆಳಗೆ ಪೇಟೆ, ಅದರಾಚೆ ಬ್ರಿಟಿಷರ ದಂಡು, ದಂಡಿಗೆ ಸಾಮಾನು ಒದಗಿಸಿದ ಬಜಾರು, ಆಮೇಲೆ ರೈಲು. ಬ್ರೂಸ್‌ಪೇಟೆ, ಬೆಂಗಳೂರು ರಸ್ತೆಗಳ ವ್ಯಾಪಾರಿ ಬೀದಿಗಳಲ್ಲಿ ಸಸ್ಯಾಹಾರಿ ಹೋಟೆಲ್ಲುಗಳು, ಮಿಠಾಯಿ ಅಂಗಡಿಗಳು. ಕೌಲ್ ಬಜಾರಿನಲ್ಲಿ ಮಾಂಸದೂಟ. ರೈಲು ನಿಲ್ದಾಣ, ಬಸ್ ನಿಲ್ದಾಣಗಳ ಸುತ್ತ ಬೇಗ ಬಡಿಸಿ ಬೇಗ ಎಬ್ಬಿಸುವ ಊಟದ ಮನೆಗಳು. ಎಪಿಎಂಸಿ ಸುತ್ತ ಹಮಾಲರೂ ರೈತರೂ ಉಣ್ಣುವ ಖಾನಾವಳಿಗಳು. ರೊಟ್ಟಿಯೂಟಕ್ಕೆ ಈ ಕೊನೆಯವನ್ನು ನಂಬಬಹುದು. ಬೆಳಿಗ್ಗೆಯಿಂದ ಮೂಟೆ ಹೊತ್ತವರು ಬಂದು ಕೂರುವ ಕಡೆ ರೊಟ್ಟಿ ತಣ್ಣಗಾಗಲು ಬಿಡುವಿರುವುದಿಲ್ಲ.

ಉಡುಪಿ ಹೋಟೆಲ್ಲುಗಳು ಪಡುಗಡಲ ತೀರದಿಂದ ಬಂದವು. ದಕ್ಷಿಣ ಕನ್ನಡವೂ ಬಳ್ಳಾರಿಯೂ ಒಂದೂವರೆ ಶತಮಾನ ಮದ್ರಾಸ್ ಪ್ರಾಂತ್ಯದ ಒಂದೇ ಆಡಳಿತದಲ್ಲಿದ್ದವು ಎಂಬುದು ಇಂದು ಮರೆತುಹೋದ ಸಂಗತಿ. 1956ರ ನವೆಂಬರ್ 1ರಂದು ಕರಾವಳಿಯೂ ಮೈಸೂರು ರಾಜ್ಯಕ್ಕೆ ಸೇರಿತು. ಬಳ್ಳಾರಿಯಲ್ಲಿ ಉಡುಪಿ ಮಾದರಿಯ ಸಾಂಬಾರಿನ ಸಿಹಿ ಕಡಿಮೆಯಾಗಿ ಖಾರ ಏರಿದೆ, ಇಡ್ಲಿಯ ಪಕ್ಕ ಶೇಂಗಾ ಚಟ್ನಿ ಬಂದು ಕೂತಿದೆ, ಊಟದ ತಟ್ಟೆಗೆ ಮೂಡಣ ಕರಾವಳಿಯ ಪಪ್ಪು ಮತ್ತು ಉಪ್ಪಿನಕಾಯಿ ಸೇರಿವೆ. ಎರಡೂ ಕಡಲುಗಳಿಂದ ಇಷ್ಟು ದೂರದ ಊರಿನಲ್ಲಿ ಎರಡೂ ತೀರಗಳ ಅಡುಗೆ ಒಂದೇ ತಟ್ಟೆಗೆ ಬಂದದ್ದು ಹೀಗೆ.

ಕೌಲ್ ಬಜಾರಿನ ಊಟ ದಖ್ಖನಿ ಮುಸ್ಲಿಮರ ಮನೆಯಡುಗೆಯ ಕಡೆಗೆ ವಾಲುತ್ತದೆ. ದಮ್ ಬಿರಿಯಾನಿ, ಮಾಂಸವಿಲ್ಲದ ಬಿರಿಯಾನಿ ಅನ್ನವಾದ ಕುಷ್ಕ, ಬೇಳೆ–ಸೋರೆಕಾಯಿಯ ದಾಳ್ಚ, ಕೈಮಾ, ಬೆಳಗಿನ ಪಾಯಾ. ರಂಜಾನಿನ ತಿಂಗಳಲ್ಲಿ ಇಲ್ಲಿ ಹೊತ್ತು ಪೂರ್ತಿ ತಿರುಗುಮುರುಗಾಗುತ್ತದೆ: ಹಗಲು ಒಲೆ ಮೌನ, ಸಂಜೆ ಉಪವಾಸ ಬಿಡುವ ಹೊತ್ತಿನಿಂದ ನಡುರಾತ್ರಿಯವರೆಗೆ ಬೀದಿಯೇ ಅಡುಗೆಮನೆ. ಹಲೀಮು, ಸಮೋಸ, ಹಣ್ಣಿನ ತಟ್ಟೆಗಳಿಗೆ ಎಲ್ಲ ಜಾತಿ ಮತದವರೂ ಬರುತ್ತಾರೆ. ನಗರದ ಮಿಲಿಟರಿ ಹೋಟೆಲ್ಲುಗಳದು ಇನ್ನೊಂದು ದಾರಿ. ಅಲ್ಲಿ ಮಾಂಸದ ಸಾರಿಗೆ ಮುದ್ದೆ ಅಥವಾ ಜೋಳದ ರೊಟ್ಟಿ ಜೊತೆ. ಸೋಮವಾರ, ಶ್ರಾವಣ ಮಾಸಗಳಲ್ಲಿ ಇವುಗಳಲ್ಲಿ ಜನ ಕಡಿಮೆ, ಭಾನುವಾರ ನಿಲ್ಲಲು ಜಾಗವಿರುವುದಿಲ್ಲ.

2000ದ ದಶಕದ ಗಣಿಗಾರಿಕೆಯ ಭರಾಟೆಯಲ್ಲಿ ನಗರಕ್ಕೆ ಹವಾನಿಯಂತ್ರಿತ ರೆಸ್ಟೋರೆಂಟುಗಳು ಬಂದವು. 2011ರಲ್ಲಿ ಸುಪ್ರೀಂ ಕೋರ್ಟು ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದ ಮೇಲೂ ಅವು ಪೂರ್ತಿ ಹೋಗಲಿಲ್ಲ. ಅಲ್ಲಿನ ಪನೀರು, ನಾನ್, ಗೋಬಿ ಮಂಚೂರಿ ಯಾವ ಊರಿನಲ್ಲೂ ಸಿಗುವಂಥವೇ ಆದ್ದರಿಂದ ಹೆಚ್ಚು ಹೇಳಲು ಏನಿಲ್ಲ. ಕೈಯಲ್ಲಿ ಕಾಸು ಕಡಿಮೆ ಇದ್ದವರಿಗೆ ಇಂದಿರಾ ಕ್ಯಾಂಟೀನು ಇದೆ. 2017ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ಶುರುವಾದ ಈ ಯೋಜನೆ ಬೇರೆ ಊರುಗಳಿಗೂ ವಿಸ್ತರಿಸಿದಾಗ ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ ಎಂಬ ದರವೇ ನಿಂತಿತು. ಆಸ್ಪತ್ರೆಗೆ, ಕೋರ್ಟಿಗೆ ಹಳ್ಳಿಯಿಂದ ಬಂದವರಿಗೆ ಇದು ಸಣ್ಣ ಆಸರೆಯಲ್ಲ.

ಬಳ್ಳಾರಿಯಿಂದ ವಾಯವ್ಯಕ್ಕೆ 30 ಕಿಲೋಮೀಟರಿನೊಳಗೆ ಕುರುಗೋಡು. ಸಿಂದ ಮನೆತನದ ಅರಸರು ಕಲ್ಯಾಣ ಚಾಲುಕ್ಯರ ಸಾಮಂತರಾಗಿ ಆಳಿದ ಊರು. ಗುಡ್ಡದ ಮೇಲೆ ಕೋಟೆ, ಕೆಳಗೆ ಹಳೆಯ ಗುಡಿಗಳ ಸಾಲು, ದೊಡ್ಡಬಸವೇಶ್ವರ ಗುಡಿಯಲ್ಲಿ ಸುಮಾರು 12 ಅಡಿ ಎತ್ತರದ ಏಕಶಿಲೆಯ ಬಸವಣ್ಣ. ತಾಲ್ಲೂಕು ಕೇಂದ್ರವಾಗಿ ಬಹಳ ವರ್ಷಗಳಾಗಿಲ್ಲ, ಹಾಗಾಗಿ ಊಟದ ವ್ಯವಸ್ಥೆ ಇನ್ನೂ ದೊಡ್ಡ ಹಳ್ಳಿಯದೇ. ಬಸ್ ನಿಲ್ದಾಣದ ಸುತ್ತ ಚಹಾದಂಗಡಿ, ಒಗ್ಗರಣೆ ಬಂಡಿ, ಕೆಲವು ಖಾನಾವಳಿ. ಮಧ್ಯಾಹ್ನ ಹನ್ನೆರಡೂವರೆಯಿಂದ ಎರಡೂವರೆಯೊಳಗೆ ಹೋದರೆ ಬಿಸಿ ಊಟ. ಆಮೇಲೆ ಹೋದರೆ ರೊಟ್ಟಿ ಮುಗಿದಿರುತ್ತದೆ, ಅನ್ನ–ಸಾರು ಇರಬಹುದು.

ಇಲ್ಲಿನ ರೊಟ್ಟಿಯೂಟವನ್ನು ನಿಧಾನವಾಗಿ ಉಣ್ಣಬೇಕು. ಜೋಳದ ಹಿಟ್ಟನ್ನು ಕುದಿನೀರಿನಲ್ಲಿ ನಾದಿ, ಕೈಯಲ್ಲಿ ತಟ್ಟಿ, ಹಂಚಿನ ಮೇಲೆ ನೀರು ಸವರಿ ಬೇಯಿಸಿದ ಬಿಸಿರೊಟ್ಟಿ ಉಬ್ಬಿ ಬರುತ್ತದೆ. ಜೋಳದ ಹಿಟ್ಟಿಗೆ ಗೋಧಿಯ ಅಂಟು ಇಲ್ಲ, ಆದ್ದರಿಂದ ಜಿಗಿ ಬರಬೇಕಾದರೆ ಹಿಟ್ಟು ಹೊಸದಾಗಿರಬೇಕು, ನೀರು ಕುದಿಯುತ್ತಿರಬೇಕು. ಹಳೆಯ ಹಿಟ್ಟಿನ ರೊಟ್ಟಿ ತಟ್ಟುವಾಗಲೇ ಅಂಚಿನಲ್ಲಿ ಸೀಳುತ್ತದೆ. ಇದರೊಂದಿಗೆ ಪುಂಡಿಪಲ್ಯ, ಎಣ್ಣೆಗಾಯಿ ಬದನೆ, ಹೆಸರುಕಾಳು ಅಥವಾ ಮಡಕೆಕಾಳು, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಹಸಿ ಉಳ್ಳಾಗಡ್ಡಿ, ಮೆಂತ್ಯದ ಸೊಪ್ಪು, ಮೊಸರು. ಪುಂಡಿಪಲ್ಯದ ಸೊಪ್ಪೇ ಆಂಧ್ರದವರ ಗೋಂಗೂರ. ಅವರು ಅದನ್ನು ಅನ್ನಕ್ಕೆ ಪಚ್ಚಡಿ ಮಾಡುತ್ತಾರೆ, ಇಲ್ಲಿ ಬೇಳೆ, ಜೋಳದ ನುಚ್ಚು, ಬೆಳ್ಳುಳ್ಳಿ ಹಾಕಿ ಕುದಿಸಿ ರೊಟ್ಟಿಗೆ ಬಳಿದುಕೊಳ್ಳುತ್ತಾರೆ. ಎರೆಹೊಲದ ಸೆಖೆಯಲ್ಲಿ ದುಡಿಯುವವರಿಗೆ ಈ ಹುಳಿ ಬೇಕೇ ಬೇಕು. ಖಟಿರೊಟ್ಟಿ ಎಂಬ ಒಣರೊಟ್ಟಿ ವಾರಗಟ್ಟಲೆ ಉಳಿಯುತ್ತದೆ. ದೂರ ಹೋಗುವವರು ಕಟ್ಟಿಸಿಕೊಂಡು ಹೋಗುತ್ತಾರೆ. ರೊಟ್ಟಿ ಬಡಿದು ಮಾರುವ ಹೆಂಗಸರು ಈ ಭಾಗದ ಊರೂರಿನಲ್ಲಿದ್ದಾರೆ. ಖಾನಾವಳಿಗೆ ರೊಟ್ಟಿ ಬರುವುದೂ ಎಷ್ಟೋ ಸಲ ಅವರ ಮನೆಗಳಿಂದಲೇ. “ಅಕ್ಕಾ, ನಾಳೆಗೆ ಇಪ್ಪತ್ತು ರೊಟ್ಟಿ ಬೇಕ್ರಿ” ಎಂದು ಹಿಂದಿನ ದಿನ ಹೇಳಿದರೆ ಸಾಕು.

ಜಾತ್ರೆಯ ದಿನಗಳಲ್ಲಿ ಕುರುಗೋಡಿನಲ್ಲಿ ಎಲ್ಲಿ ಉಣ್ಣಬೇಕೆಂಬ ಪ್ರಶ್ನೆಯೇ ಇಲ್ಲ. ದೊಡ್ಡಬಸವೇಶ್ವರನ ರಥೋತ್ಸವ ಮಾರ್ಚ್ ಹೊತ್ತಿಗೆ ಬರುತ್ತದೆ. ಶರಣ ಪರಂಪರೆಯ ದಾಸೋಹ ಈ ಸೀಮೆಯ ಗುಡಿ, ಮಠಗಳಲ್ಲಿ ಜೀವಂತವಾಗಿದೆ. ಜಾತ್ರೆಗೆ ಬಂದವರಿಗೆ ಗೋಧಿಹುಗ್ಗಿ ಅಥವಾ ಪಾಯಸ, ಅನ್ನ, ಸಾರು, ಪಲ್ಯ. ಕೂತವರ ಊರು ಯಾವುದು, ಜಾತಿ ಯಾವುದು ಎಂದು ಕೇಳದೆ ಬಡಿಸುವುದು ದಾಸೋಹದ ತಿರುಳು, ಆ ತಿರುಳು ಉಳಿದ ಕಡೆ ಉಣ್ಣುವುದು ಭಾಗ್ಯ. ಜಾತ್ರೆಯ ಬೀದಿಯಲ್ಲಿ ಬೆಂಡು–ಬತ್ತಾಸು, ಕಾರ, ಮಂಡಕ್ಕಿ, ಜಿಲೇಬಿಯ ಅಂಗಡಿಗಳು. ಹಂಗಾಮಿನಲ್ಲಿ ಈ ಭಾಗದ ತೋಟಗಳ ಅಂಜೂರವೂ ಬುಟ್ಟಿಗಳಲ್ಲಿ ಬರುತ್ತದೆ. ಒಣ ಅಂಜೂರವನ್ನಷ್ಟೇ ಬಲ್ಲವರು ಹಸಿಹಣ್ಣು ತಿನ್ನಬೇಕಾದ ಜಿಲ್ಲೆ ಇದು. ಹಣ್ಣು ಒಂದೆರಡು ದಿನಕ್ಕಿಂತ ಹೆಚ್ಚು ತಡೆಯುವುದಿಲ್ಲ, ಕೊಂಡಲ್ಲೇ ತಿನ್ನುವುದು ಒಳ್ಳೆಯದು.

ಬಳ್ಳಾರಿಯಿಂದ ಉತ್ತರಕ್ಕೆ ಸಿಂಧನೂರಿನ ಕಡೆ ಹೋಗುವ ರಾಷ್ಟ್ರೀಯ ಹೆದ್ದಾರಿ 150ಎ ಹಿಡಿದರೆ ತೆಕ್ಕಲಕೋಟೆ ದಾಟಿ ಸಿರುಗುಪ್ಪ ಸಿಗುತ್ತದೆ, ಸುಮಾರು 55 ಕಿಲೋಮೀಟರು. ಇದು ಭತ್ತದ ನಾಡು. ವಿಜಯನಗರದ ಕಾಲದಲ್ಲೇ ತುಂಗಭದ್ರೆಗೆ ಅಡ್ಡಲಾಗಿ ಕಟ್ಟಿದ ಒಡ್ಡುಗಳಿಂದ ಕಾಲುವೆಗಳು ಹರಿದಿದ್ದವು. ಸಿರುಗುಪ್ಪ ಮತ್ತು ದೇಶನೂರು ಕಾಲುವೆಗಳು ಆ ಗುಂಪಿನವು. 1953ರಲ್ಲಿ ತುಂಗಭದ್ರಾ ಅಣೆಕಟ್ಟೆಯಿಂದ ನೀರು ಹರಿದ ಮೇಲೆ, ರೈತರು ಎಲ್‌ಎಲ್‌ಸಿ ಎಂದೇ ಕರೆಯುವ ಬಲದಂಡೆ ಕೆಳಮಟ್ಟದ ಕಾಲುವೆ ಎಷ್ಟೋ ಜೋಳದ ಹೊಲಗಳನ್ನು ಗದ್ದೆಯಾಗಿಸಿತು. ಸಿರುಗುಪ್ಪದಲ್ಲಿ ಅಕ್ಕಿ ಗಿರಣಿಗಳು ಎದ್ದವು. ರಾಯಚೂರು ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ ಸಂಶೋಧನಾ ಕೇಂದ್ರವೂ ಇಲ್ಲಿದೆ. ಸೋನಾ ಮಸೂರಿ ಅಕ್ಕಿ ಇಲ್ಲಿಂದ ದೂರದೂರಿಗೆ ಹೋಗುತ್ತದೆ.

ನೀರಿನ ಹಿಂದೆಯೇ ಜನ ಬಂದರು. ಗೋದಾವರಿ, ಕೃಷ್ಣಾ, ಗುಂಟೂರು ಜಿಲ್ಲೆಗಳಿಂದ ಗದ್ದೆ ಮಾಡಿ ಅನುಭವವಿದ್ದ ರೈತರು ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಭೂಮಿ ಕೊಂಡು ನೆಲೆಸಿದರು. ಅವರು ಬೀಡುಬಿಟ್ಟ ಜಾಗಗಳಿಗೆ ಕ್ಯಾಂಪು ಎಂಬ ಹೆಸರು ಅಂಟಿಕೊಂಡು, ಇಂದಿಗೂ ಊರ ಹೆಸರಿನ ಕೊನೆಯಲ್ಲಿ ಉಳಿದಿದೆ. ಮೂಡಣ ಕರಾವಳಿಯ ಅಡುಗೆ ಅವರೊಡನೆ ಬಂತು: ಆವಕಾಯಿ, ಕಂದಿಪುಡಿ, ತುಪ್ಪ ಬಿದ್ದ ಬಿಸಿ ಅನ್ನ, ಮುದ್ದಪಪ್ಪು, ಹುಣಿಸೆಹುಳಿಯ ಮೀನುಸಾರು. ಸಿರುಗುಪ್ಪದ ಮೆಸ್ಸುಗಳ ಮಧ್ಯಾಹ್ನದ ಊಟದಲ್ಲಿ ಈ ಗುರುತುಗಳನ್ನು ಕಾಣಬಹುದು. ಅನ್ನವನ್ನು ಕೇಳಿದಷ್ಟು ಬಡಿಸುವುದು ಇಲ್ಲಿನ ಪದ್ಧತಿ. ಮೊದಲ ಸುತ್ತು ಪುಡಿ ಮತ್ತು ತುಪ್ಪಕ್ಕೆ, ಎರಡನೆಯದು ಪಪ್ಪಿಗೆ, ಮೂರನೆಯದು ಸಾರಿಗೆ, ಕೊನೆಯದು ಗಟ್ಟಿ ಮೊಸರಿಗೆ. ರೊಟ್ಟಿ ಬೇಕೆಂದರೆ ಸಿಗುತ್ತದೆ, ಆದರೆ ಅನ್ನದ ಊರಿನಲ್ಲಿ ಹೊಸ ಅಕ್ಕಿ ಮತ್ತು ಹಳೆ ಅಕ್ಕಿಯ ವ್ಯತ್ಯಾಸ ತಿಳಿದು ಬೇಯಿಸುವವರ ಕೈಯ ಅನ್ನ ಉಣ್ಣದೆ ಹೋಗಬಾರದು. ಹೊಸ ಅಕ್ಕಿ ಹೆಚ್ಚು ನೀರು ಕುಡಿಯದೆ ಮೆತ್ತಗಾಗಿ ಅಂಟಿಕೊಳ್ಳುತ್ತದೆ. ಒಂದು ವರ್ಷ ಕೂತ ಅಕ್ಕಿ ಉದ್ದಕ್ಕೆ ಅರಳಿ ಬಿಡಿಬಿಡಿಯಾಗಿ ನಿಲ್ಲುತ್ತದೆ. ಮೆಸ್ಸಿನವರು ಹಳೆ ಅಕ್ಕಿಯನ್ನೇ ಕೊಳ್ಳುವುದು ಈ ಕಾರಣಕ್ಕೆ.

ಹೊಳೆ ಹತ್ತಿರವಿರುವುದರಿಂದ ಮೀನು ದೂರದಿಂದ ಬರಬೇಕಿಲ್ಲ. ತುಂಗಭದ್ರೆಯಲ್ಲೂ ಕೆರೆಗಳಲ್ಲೂ ಹಿಡಿದ ಕಾಟ್ಲಾ, ರೋಹು ಮುಂತಾದ ಸಿಹಿನೀರ ಮೀನು ಸಂಜೆ ರಸ್ತೆಬದಿಯ ಬಾಣಲೆಗೆ ಬೀಳುತ್ತದೆ. ಇವಕ್ಕೆ ಮುಳ್ಳು ಹೆಚ್ಚು, ಆದ್ದರಿಂದ ಅಡ್ಡಕ್ಕೆ ತೆಳುವಾಗಿ ಕೊಯ್ದು, ಖಾರದಪುಡಿ, ಅರಿಶಿನ, ಶುಂಠಿ–ಬೆಳ್ಳುಳ್ಳಿ ಹಚ್ಚಿ ಗರಿಗರಿಯಾಗಿ ಕರಿಯುತ್ತಾರೆ. ಕಡಲ ಮೀನಿನ ರುಚಿಯೊಂದಿಗೆ ಇದನ್ನು ತೂಗಿ ನೋಡುವುದು ನ್ಯಾಯವಲ್ಲ. ಹೊಳೆಮೀನಿಗೆ ತನ್ನದೇ ಮಣ್ಣಿನ ವಾಸನೆ ಇದೆ, ಆ ವಾಸನೆಗೆ ಹುಣಿಸೆಹುಳಿ, ಮೆಂತ್ಯ ಸರಿಯಾದ ಜೋಡಿ.

ತಾಲ್ಲೂಕಿನ ಒಳಹಳ್ಳಿಗಳಲ್ಲಿ ಹೋಟೆಲ್ ಎಂದರೆ ಚಹಾದಂಗಡಿ. ಬೆಳಿಗ್ಗೆ ಒಗ್ಗರಣೆಯೋ ಚಿತ್ರಾನ್ನವೋ ಇದ್ದೀತು. ಮಧ್ಯಾಹ್ನ ಬಿಸ್ಕತ್ತು, ಬನ್ನು. ನಾಟಿ ಮತ್ತು ಕೊಯ್ಲಿನ ಕಾಲದಲ್ಲಿ ಮಾತ್ರ ಕೂಲಿಗೆ ಬಂದ ಗುಂಪುಗಳಿಗಾಗಿ ಹೆಚ್ಚಿನ ಅಡುಗೆ ನಡೆಯುತ್ತದೆ. ಹೊಲಕ್ಕೆ ಹೋಗುವವರು ಮನೆಯಿಂದಲೇ ಬುತ್ತಿ ಒಯ್ಯುತ್ತಾರೆ: ರೊಟ್ಟಿ, ಪಲ್ಯ, ಖಾರ, ಒಂದು ಡಬ್ಬಿ ಮೊಸರನ್ನ. ಹಳ್ಳಿಗೆ ಹೋಗುವ ಹೊರಗಿನವರು ಗುರುತಿನ ಮನೆ ಇದ್ದರೆ ಮುಂಚೆಯೇ ಹೇಳಿ ಹೋಗುವುದು ವಾಡಿಕೆ. ಇಲ್ಲದಿದ್ದರೆ ತೆಕ್ಕಲಕೋಟೆಯಲ್ಲೋ ಸಿರುಗುಪ್ಪದಲ್ಲೋ ಉಂಡೇ ಹೊರಡಬೇಕು.

ಈ ಹೋಟೆಲ್ಲುಗಳ ವ್ಯಾಪಾರ ನೀರಿನ ಜೊತೆ ಏರಿಳಿಯುತ್ತದೆ. ಕಾಲುವೆಗೆ ಎರಡೂ ಹಂಗಾಮಿಗೆ ನೀರು ಬಂದ ವರ್ಷ ಗಿರಣಿ ತಿರುಗುತ್ತದೆ, ಲಾರಿ ನಿಲ್ಲುತ್ತದೆ, ಮೆಸ್ಸು ತುಂಬುತ್ತದೆ. ಅಣೆಕಟ್ಟೆಯ ಸಾಮರ್ಥ್ಯ ಹೂಳಿನಿಂದಾಗಿ ಮೊದಲಿನ 133 ಟಿಎಂಸಿ ಅಡಿಯಿಂದ ಸುಮಾರು 105ಕ್ಕೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳ ಪೈಕಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋದಾಗ ಕೆಳಗಿನ ತಾಲ್ಲೂಕುಗಳಲ್ಲಿ ರೈತರೊಂದಿಗೆ ಹೋಟೆಲ್ಲಿನವರೂ ಅಂಜಿದ್ದರೆ ಅದು ಸಹಜವೇ. ಎರಡನೆಯ ಬೆಳೆ ಇಲ್ಲದ ಬೇಸಿಗೆಯಲ್ಲಿ ಕೂಲಿಯ ಗುಂಪುಗಳು ಬರುವುದಿಲ್ಲ, ಬಂಡಿಗಳು ಕಡಿಮೆಯಾಗುತ್ತವೆ.

ಬೇಸಿಗೆಯಲ್ಲಿ ಮೂರೂ ಊರುಗಳಲ್ಲಿ ಮಧ್ಯಾಹ್ನದ ಊಟ ಹಗುರವಾಗಿರಲಿ ಎಂದು ಹಿರಿಯರು ಹೇಳುತ್ತಾರೆ. ಮಜ್ಜಿಗೆ, ಲಿಂಬೆ ಸೋಡಾ, ಸೊಗದೆಬೇರಿನಿಂದ ಮಾಡುವ ನನ್ನಾರಿ ಶರಬತ್ತು ಬೀದಿಬದಿಯಲ್ಲೇ ಸಿಗುತ್ತವೆ. ಬರ್ಫದ ನೀರಿನ ಬಗ್ಗೆ ಎಚ್ಚರ ಬೇಕು, ಬಾಟಲಿ ನೀರು ಜೊತೆಗಿರುವುದು ಕ್ಷೇಮ. ಖಾರ ತಡೆಯದವರು ಮೊದಲೇ ಹೇಳಬೇಕು. ಬಡಿಸುವವರು ಮೊಸರು ಹೆಚ್ಚಿಗೆ ಹಾಕಿಕೊಡುತ್ತಾರೆ. ರಾತ್ರಿಯೂಟ ಕುರುಗೋಡಿನಲ್ಲಿ ಒಂಬತ್ತಕ್ಕೆ, ಸಿರುಗುಪ್ಪದಲ್ಲಿ ಹತ್ತರ ಹೊತ್ತಿಗೆ ಮುಗಿಯುತ್ತಾ ಬರುತ್ತದೆ. ಅದಕ್ಕೂ ತಡವಾಗಿ ಬಂದವರಿಗೆ ಹೆದ್ದಾರಿಯ ಧಾಬಾಗಳು, ಇಲ್ಲವೆ ಬಳ್ಳಾರಿಯ ಬಸ್ ಮತ್ತು ರೈಲು ನಿಲ್ದಾಣಗಳ ಸುತ್ತಲಿನ ತಳ್ಳುಗಾಡಿಗಳು ಉಳಿದಿರುತ್ತವೆ. ಅಲ್ಲಿ ಎಗ್‌ರೈಸು, ಆಮ್ಲೆಟ್ಟು, ಬಿಸಿ ಇಡ್ಲಿ ಸಿಗುತ್ತವೆ.